ಕ್ಯೂ ಸ್ಟಿಕ್ ಮಾಡಿಸುವ ಮುಂಚೆ ಮಾಡುವವರ ಹಳೇ ಕ್ಯೂ ನೋಡಿ

ಮೈಸೂರಿನ ಸ್ನೂಕರ್, ಪೂಲ್ ಪಾರ್ಲರ್‌ಗಳಲ್ಲಿ ಆಡುವ ಹುಡುಗರು ಈಚೆಗೆ ಜಾಸ್ತಿ ಕೇಳುವುದು ಒಂದೇ: ನನ್ನ ಅಳತೆಗೆ ಒಂದು ಕ್ಯೂ ಸ್ಟಿಕ್ (ಚೆಂಡು ಹೊಡೆಯುವ ಕೋಲು) ಮಾಡಿಸಬೇಕು, ಯಾರ ಹತ್ತಿರ ಹೋಗಲಿ? ನಾನು ಹೆಸರು ಹೇಳುವುದಿಲ್ಲ. ಇವತ್ತು ಚೆನ್ನಾಗಿ ಮಾಡುವವರೇ ನಾಳೆ ಆರ್ಡರ್ ಜಾಸ್ತಿಯಾಗಿ ಅವಸರಕ್ಕೆ ಬೀಳಬಹುದು. ಅದರ ಬದಲು ಕ್ಯೂ ನೋಡುವುದು ಹೇಗೆ, ಮಾಡುವವರನ್ನು ತೂಗಿ ನೋಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲನೇ ಮಾತು. ಹೊಸ ಕ್ಯೂ ತೋರಿಸಿದರೆ ನೋಡಿ, ಖುಷಿಪಡಿ, ಆದರೆ ಅಡ್ವಾನ್ಸ್ ಕೊಡಬೇಡಿ. ಎರಡು ಮೂರು ವರ್ಷ ಯಾರೋ ದಿನಾ ಆಡಿರುವ, ಅವರೇ ಮಾಡಿದ ಕ್ಯೂ ತೋರಿಸಿ ಅಂತ ಕೇಳಿ. ಹೊಸದರಲ್ಲಿ ಎಲ್ಲಾ ಕ್ಯೂ ನೆಟ್ಟಗಿರುತ್ತದೆ, ಎಲ್ಲಾ ಪಾಲಿಷ್ ಹೊಳೆಯುತ್ತದೆ. ಮರದ ನಿಜವಾದ ಗುಣ ಗೊತ್ತಾಗುವುದು ಒಂದೆರಡು ಮಳೆಗಾಲ, ಒಂದೆರಡು ಬೇಸಿಗೆ ಕಳೆದ ಮೇಲೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ. ಅದೂ ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ. ಅಂಟು ಸರಿಯಾಗಿ ಹಿಡಿದಿಲ್ಲದಿದ್ದರೆ, ಮರ ಪೂರ್ತಿ ಒಣಗಿರದಿದ್ದರೆ, ಈ ಎಳೆದಾಟದಲ್ಲೇ ಬಣ್ಣ ಬಯಲಾಗುವುದು.

ಈಗ ಮರದ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಒಳ್ಳೆ ಕೆಲಸಗಾರರು ಒಂದೇ ಸಲಕ್ಕೆ ಮರವನ್ನು ಲೇತ್‌ಗೆ ಹಾಕಿ ಕೊನೇ ಅಳತೆಗೆ ಕಡೆಯುವುದಿಲ್ಲ. ದಪ್ಪವಾಗಿಯೇ ಸ್ವಲ್ಪ ಕಡೆದು, ನೇರವಾಗಿ ನೇತುಹಾಕಿ, ವಾರಗಟ್ಟಲೆ ಬಿಡುತ್ತಾರೆ. ಆಮೇಲೆ ಮತ್ತೆ ಸ್ವಲ್ಪ. ಹೊರಗಿನ ಮರ ತೆಗೆದ ಕೂಡಲೇ ಒಳಗಿನ ಬಿಗಿತ ಸಡಿಲವಾಗಿ ಕಡ್ಡಿ ಒಂದು ಕಡೆಗೆ ಬಾಗಬಹುದು. ಬಾಗುವುದಿದ್ದರೆ ಅವರ ಅಂಗಡಿಯಲ್ಲೇ ಬಾಗಲಿ ಅಂತ ಈ ಕಾಯುವಿಕೆ. ಬಾಗಿದ್ದನ್ನು ಪಕ್ಕಕ್ಕಿಟ್ಟು ಬೇರೆ ತೆಗೆದುಕೊಳ್ಳುತ್ತಾರೆ, ಆ ನಷ್ಟವನ್ನೂ ಸೇರಿಸಿಯೇ ಬೆಲೆ ಹೇಳಿರುತ್ತಾರೆ. ಆದ್ದರಿಂದ ಯಾರಾದರೂ 'ಹದಿನೈದು ದಿನದಲ್ಲಿ ಕೊಡ್ತೀನಿ' ಅಂದರೆ ಒಂದು ಪ್ರಶ್ನೆ ಕೇಳಿ: ಅರ್ಧ ಕಡೆದ ಮರ ನಿಮ್ಮ ಹತ್ತಿರ ಎಷ್ಟು ದಿನದಿಂದ ಇದೆ, ತೋರಿಸ್ತೀರಾ? ಇದ್ದರೆ ಖುಷಿಯಿಂದ ತೋರಿಸುತ್ತಾರೆ. ಇಲ್ಲದಿದ್ದರೆ ಮಾತು ಬೇರೆ ಕಡೆ ತಿರುಗುತ್ತದೆ. ಅಲ್ಲಿಂದ ಎದ್ದು ಬನ್ನಿ.

ನಿಮಗೆ ಏನು ಬೇಕು, ಸ್ನೂಕರ್ ಕ್ಯೂನಾ ಪೂಲ್ ಕ್ಯೂನಾ ಅನ್ನುವುದು ನಿಮಗೆ ಮೊದಲು ಗೊತ್ತಿರಬೇಕು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್‌ಪುರದ ಸೈನ್ಯದ ಮೆಸ್‌ನಲ್ಲಿ. ಆಮೇಲೆ ಇಲ್ಲೇ ಪಕ್ಕದ ಊಟಿ ಕ್ಲಬ್‌ನಲ್ಲಿ ಅದರ ನಿಯಮಗಳು ಬರಹಕ್ಕೆ ಬಂದವು. ಅದಕ್ಕೇ ನಮ್ಮ ಕಡೆ ಹಳೇ ಆಟಗಾರರ ಕೈಯಲ್ಲಿ ಸ್ನೂಕರ್ ಕ್ಯೂ ಜಾಸ್ತಿ. ಅದರ ಶಾಫ್ಟ್, ಅಂದರೆ ಮುಂದಿನ ಸಣ್ಣ ಭಾಗ, ಸಾಮಾನ್ಯವಾಗಿ ಆ್ಯಶ್ ಮರದ್ದು, ತುದಿ 9.5 ಮಿಲಿಮೀಟರ್ ಆಸುಪಾಸು, ತೂಕ 17ರಿಂದ 19 ಔನ್ಸ್. ಪೂಲ್ ಕ್ಯೂ ಶಾಫ್ಟ್ ಮೇಪಲ್ ಮರದ್ದು, ತುದಿ 12ರಿಂದ 13 ಮಿಲಿಮೀಟರ್, ತೂಕ 18ರಿಂದ 21 ಔನ್ಸ್. ಉದ್ದ ಎರಡಕ್ಕೂ ಸುಮಾರು 58 ಇಂಚು. ಎರಡು ಆಟಕ್ಕೂ ಒಂದೇ ಕ್ಯೂ ಮಾಡಿಸಲು ಹೋಗಬೇಡಿ. ಸ್ನೂಕರ್ ತುದಿಯಲ್ಲಿ ಪೂಲ್ ಬ್ರೇಕ್ (ಆಟ ಶುರು ಮಾಡುವ ಜೋರು ಹೊಡೆತ) ಹೊಡೆದರೆ ಶಾಫ್ಟ್‌ಗೂ ಒಳ್ಳೆಯದಲ್ಲ, ನಿಮ್ಮ ಆಟಕ್ಕೂ ಒಳ್ಳೆಯದಲ್ಲ.

ಸರಿ, ಕೈಗೆ ಒಂದು ಕ್ಯೂ ಕೊಟ್ಟರು ಅಂತ ಇಟ್ಟುಕೊಳ್ಳಿ. ಎಲ್ಲರೂ ಮಾಡುವುದು ಟೇಬಲ್ ಮೇಲೆ ಉರುಳಿಸುವುದು. ಅದೊಂದನ್ನೇ ನಂಬಬೇಡಿ, ಟೇಬಲ್ಲೇ ಮಟ್ಟವಾಗಿ ಇರದೇ ಇರಬಹುದು. ಶಾಫ್ಟ್ ಬೇರೆ, ಬಟ್ (ಕೈಯಲ್ಲಿ ಹಿಡಿಯುವ ಹಿಂದಿನ ದಪ್ಪ ಭಾಗ) ಬೇರೆ, ಆಮೇಲೆ ಎರಡನ್ನೂ ಸೇರಿಸಿ, ಮೂರು ಸಲ ಉರುಳಿಸಿ. ಬೇರೆ ಬೇರೆ ಇದ್ದಾಗ ನೆಟ್ಟಗಿದ್ದು ಸೇರಿಸಿದ ಮೇಲೆ ಕುಣಿದರೆ ತಪ್ಪು ಜಾಯಿಂಟ್‌ನಲ್ಲಿದೆ. ಅದು ಮರದ ತಪ್ಪಲ್ಲ, ಕೈಯ ತಪ್ಪು. ಆಮೇಲೆ ಒಂದು ಕಣ್ಣು ಮುಚ್ಚಿ, ಬಟ್ ಕಡೆಯಿಂದ ತುದಿಯವರೆಗೆ ನೋಡುತ್ತಾ ನಿಧಾನವಾಗಿ ತಿರುಗಿಸಿ. ಶಾಫ್ಟ್‌ನ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೋಗಬೇಕು. ಎಳೆ ಮಧ್ಯದಲ್ಲೇ ಓರೆಯಾಗಿ ಪಕ್ಕಕ್ಕೆ ಜಾರಿದ್ದರೆ ಆ ಶಾಫ್ಟ್ ಮುಂದೆ ಬಾಗುವ ಸಾಧ್ಯತೆ ಜಾಸ್ತಿ. ಆ್ಯಶ್‌ನಲ್ಲಿ ಬಾಣದ ತುದಿಯಂಥ ಗುರುತುಗಳು ಮೇಲೆ ಕೆಳಗೆ ಒಂದೇ ಸಾಲಿನಲ್ಲಿ ಬಂದಿವೆಯಾ ನೋಡಿ.

ಬಟ್ ಹಿಡಿದು, ರಬ್ಬರ್ ಇರುವ ತುದಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಒಳಗಿಂದ ಝುಂಯ್ ಅಂತ ಸದ್ದು ಬಂದರೆ ಏನೋ ಸಡಿಲ ಇದೆ. ಬರೀ ರಬ್ಬರ್ ಸಡಿಲವಾಗಿದ್ದರೆ ಚಿಂತೆಯಿಲ್ಲ. ಅದನ್ನು ಬಿಗಿ ಮಾಡಿದ ಮೇಲೂ ಸದ್ದು ಬಂದರೆ ಒಳಗಿನ ತೂಕದ ಬೋಲ್ಟೋ, ಪೂಲ್ ಕ್ಯೂ ಆದರೆ ಹಿಡಿಯ ಮುಂದಿನ ಒಳ ಜಾಯಿಂಟೋ ಸರಿಯಾಗಿ ಕೂತಿಲ್ಲ. ಒಳ ಜಾಯಿಂಟ್ ರಿಪೇರಿ ಅಂದರೆ ದೊಡ್ಡ ಕೆಲಸ.

ಪಾಯಿಂಟ್‌ಗಳನ್ನು ನೋಡುವುದನ್ನು ಕಲಿಯಿರಿ. ಬಟ್‌ನ ಕರಿಮರ ಶಾಫ್ಟ್ ಕಡೆಗೆ ಚೂಪಾಗಿ ಏರುತ್ತದಲ್ಲ, ಆ ನಾಲ್ಕು ತುದಿಗಳು. ನಾಲ್ಕೂ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದು ಉದ್ದ, ಅದರ ಎದುರಿನದ್ದು ಗಿಡ್ಡ ಅಂದರೆ ಕಡೆಯುವಾಗ ಮರದ ನಡು ತಪ್ಪಿದೆ ಅಥವಾ ಆಗಲೇ ಮರ ಬಾಗಿತ್ತು ಅಂತ. ಕೂದಲೆಳೆಯಷ್ಟು ವ್ಯತ್ಯಾಸ ಕೈಕೆಲಸದಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಜಗಳ ಆಡಬೇಡಿ. ಆದರೆ ಪಾಯಿಂಟ್ ಒಳಗೆ ಮರದ ಎಳೆಯೇ ಕಾಣದಿದ್ದರೆ ಅದು ಪಾಲಿಷ್ ಕೆಳಗೆ ಅಂಟಿಸಿದ ಸ್ಟಿಕ್ಕರ್ ಇರಬಹುದು. ಸ್ಟಿಕ್ಕರ್ ಕ್ಯೂನಲ್ಲೂ ಆಡಬಹುದು, ತಪ್ಪೇನಿಲ್ಲ. ಅದನ್ನು ಕೈಯಲ್ಲಿ ಸ್ಪ್ಲೈಸ್ ಮಾಡಿದ್ದು, ಅಂದರೆ ಮರಕ್ಕೆ ಮರ ಬೆಸೆದದ್ದು, ಅಂತ ಮಾರುವುದು ಮೋಸ.

ಇನ್ನು ನಮ್ಮೂರಿನ ವಿಶೇಷ, ಇನ್‌ಲೇ, ಅಂದರೆ ಮರದಲ್ಲಿ ಗುಂಡಿ ತೋಡಿ ಬೇರೆ ಬಣ್ಣದ ತುಂಡು ಕೂರಿಸಿ ಮಾಡುವ ಚಿತ್ರ. ಬೀಟೆ ಮರದಲ್ಲಿ ಇನ್‌ಲೇ ಮಾಡುವ ಕೈಗಳು ಮೈಸೂರಿನಲ್ಲಿ ಇರುವಾಗ ಕ್ಯೂ ಮೇಲೆ ಒಂದು ಗಂಡಭೇರುಂಡ ಬೇಕು ಅಂತ ಯಾರಿಗೆ ಅನ್ನಿಸುವುದಿಲ್ಲ ಹೇಳಿ! ನನಗೂ ಇಷ್ಟ. ಈ ಕೆಲಸಕ್ಕೆ ಜಿಐ ಟ್ಯಾಗ್ ಸಿಕ್ಕಿದೆ, ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬಾಗಿಲಲ್ಲೇ ಇದರ ಹಳೇ ಮಾದರಿ ಇದೆ. ಆದರೆ ಜನ ಮಾಡುವ ದೊಡ್ಡ ತಪ್ಪು ಏನೆಂದರೆ, ಪೂರ್ತಿ ಮುಗಿದ ಕ್ಯೂ ತಂದು ಇನ್‌ಲೇ ಮಾಡುವವರ ಮುಂದೆ ಇಡುವುದು. ಅವರಿಗೆ ಅಭ್ಯಾಸ ಚಪ್ಪಟೆ ಹಲಗೆ. ಕ್ಯೂ ಗುಂಡಗೆ. ಮುಗಿದ ಬಟ್ ಸುಮಾರು 30 ಮಿಲಿಮೀಟರ್ ದಪ್ಪ ಅಷ್ಟೇ. ಅದರಲ್ಲಿ ಅಗಲವಾದ ಚಿತ್ರ ಕೂರಿಸಿದರೆ ಮಧ್ಯದ ಭಾಗ ತಗ್ಗಾಗಿ ಕೂರುತ್ತದೆ ಅಥವಾ ಅಂಚು ಎದ್ದು ನಿಂತು, ಉಜ್ಜಿದಾಗ ಸವೆದು ತೆಳ್ಳಗಾಗುತ್ತದೆ. ತೆಳ್ಳಗಾದ ಅಂಚು ಒಂದು ದಿನ ಏಳುತ್ತದೆ.

ಸರಿಯಾದ ದಾರಿ ಹೀಗೆ. ಬಟ್ ಇನ್ನೂ ದಪ್ಪ ಇರುವಾಗಲೇ, ಅಂದರೆ ಕೊನೇ ಸಲ ಕಡೆಯುವ ಮುಂಚೆ, ಇನ್‌ಲೇ ಕೂರಿಸಬೇಕು. ಗುಂಡಿ ಆಳವಾಗಿರಬೇಕು, ಅದರ ಗೋಡೆಗಳು ನೆಟ್ಟಗಿರಬೇಕು. ಆಮೇಲೆ ಮರ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಕಡೆಯಬೇಕು. ಗೋಡೆ ಓರೆಯಾಗಿದ್ದರೆ ಕಡೆದ ಹಾಗೆಲ್ಲಾ ಚಿತ್ರದ ಆಕಾರವೇ ಬದಲಾಗುತ್ತದೆ. ಬೀಟೆಯಲ್ಲಿ ಸಹಜವಾಗಿ ಎಣ್ಣೆಯ ಅಂಶ ಇರುತ್ತದೆ, ಆದ್ದರಿಂದ ಅಂಟು ಹಾಕುವ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಈ ಒಂದು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ ಅಂಟು ಬಿಟ್ಟ ಕ್ಯೂಗಳಿವೆ. ಹಾಗಾಗಿ ಕ್ಯೂ ಮಾಡುವವರು, ಇನ್‌ಲೇ ಮಾಡುವವರು ಇಬ್ಬರನ್ನೂ ಮೊದಲೇ ಒಂದು ಸಲ ಕೂರಿಸಿ ಮಾತಾಡಿಸಿ. ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಅಂತ ಅವರವರಿಗೆ ಗೊತ್ತಿದ್ದರೆ ಆಮೇಲೆ 'ಅವರು ಮಾಡಿದ್ದು, ನಾನಲ್ಲ' ಅನ್ನುವ ಮಾತು ಬರುವುದಿಲ್ಲ.

ಮುಗಿದ ಇನ್‌ಲೇಯ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಮಷೀನ್ ಕೊರೆದ ಗುಂಡಿಯ ಒಳಮೂಲೆ ದುಂಡಗಿರುತ್ತದೆ, ಉಳಿಯಲ್ಲಿ ತಿದ್ದಿದ್ದು ಚೂಪಾಗಿರುತ್ತದೆ. ಎರಡೂ ಸರಿಯೇ. ಮೂಲೆಯಲ್ಲಿ ಕಪ್ಪು ಅಂಟು ತುಂಬಿ ಸಂದು ಮುಚ್ಚಿದ್ದರೆ ಮಾತ್ರ ಕೇಳಿ. ಬಿಳಿ ಭಾಗಕ್ಕೆ ಈಗ ಪ್ಲಾಸ್ಟಿಕ್ ಬಳಸುತ್ತಾರೆ. ಯಾರಾದರೂ ಹಳೇ ದಂತ ಇದೆ ಅಂದರೆ ಬೇಡವೇ ಬೇಡ. ದಂತದ ವ್ಯಾಪಾರ ನಮ್ಮಲ್ಲಿ ಅಪರಾಧ. ಬೀಟೆ ಮರಕ್ಕೂ ಬಿಲ್ ಕೇಳಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಜಾರ್ಜ್ ಬಾಲಬುಷ್ಕಾ ಅವರನ್ನು ಪೂಲ್ ಕ್ಯೂ ಮಾಡುವವರು ಇವತ್ತಿಗೂ ನೆನೆಯುತ್ತಾರೆ. ಅವರು ತೀರಿಕೊಂಡದ್ದು 1975ರಲ್ಲಿ. ಬಟ್‌ಗೆ ಬೇಕಾದ ಸ್ಪ್ಲೈಸ್ ಆದ ಮರವನ್ನು ಅವರು ಎಷ್ಟೋ ಸಲ ಬ್ರನ್ಸ್‌ವಿಕ್ ಕಂಪನಿಯ ಕ್ಯೂಗಳಿಂದ ತೆಗೆದುಕೊಳ್ಳುತ್ತಿದ್ದರು, ಅದರಿಂದ ಅವರ ಹೆಸರಿಗೇನೂ ಕುಂದು ಬರಲಿಲ್ಲ. ಜನ ನೋಡಿದ್ದು ಕೈಗೆ ಬಂದ ಕ್ಯೂ ಹೇಗೆ ಹೊಡೆಯುತ್ತದೆ ಅನ್ನುವುದನ್ನು. ಅವರ ಹೆಸರಲ್ಲಿ ನಕಲಿ ಕ್ಯೂಗಳೂ ಬಂದಿವೆ, ಹಾಗಾಗಿ ಇಂಟರ್‌ನೆಟ್‌ನಲ್ಲಿ ಅಗ್ಗಕ್ಕೆ ದೊಡ್ಡ ಹೆಸರಿನ ಕ್ಯೂ ಕಂಡರೆ ದುಡ್ಡು ಹಾಕಬೇಡಿ.

ನಮ್ಮ ಊರಿನ ಮಟ್ಟಕ್ಕೆ ಹೆಸರು ಅಂದರೆ ಏನು? ವಾಪಸ್ ಬಂದ ಕ್ಯೂಗೆ ಅವರು ಏನು ಮಾಡಿದರು ಅನ್ನುವುದು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಶಾಫ್ಟ್ ಬಾಗಿ ಬಂದಾಗ ಒಬ್ಬರು ನೋಡದೇ 'ನೀವು ಬಿಸಿಲಲ್ಲಿ ಇಟ್ಟಿರ್ತೀರ' ಅನ್ನುತ್ತಾರೆ. ಇನ್ನೊಬ್ಬರು ಕೈಗೆ ತಗೊಂಡು, ತಿರುಗಿಸಿ, ಎಳೆ ನೋಡಿ, 'ಇದು ನನ್ನ ಮರದ್ದೇ, ಬೇರೆ ಶಾಫ್ಟ್ ಮಾಡ್ಕೊಡ್ತೀನಿ' ಅನ್ನುತ್ತಾರೆ. ಎರಡನೆಯವರು ಒಂದು ತಿಂಗಳು ತಡ ಮಾಡಿದರೂ ಕಾಯಿರಿ. ಹಳೇ ಗಿರಾಕಿಗಳನ್ನು ಕೇಳುವಾಗ 'ಕ್ಯೂ ಚೆನ್ನಾಗಿದೆಯಾ' ಅಂತ ಕೇಳಬೇಡಿ, ಯಾರೂ ತಾವು ದುಡ್ಡು ಕೊಟ್ಟಿದ್ದನ್ನು ಕೆಟ್ಟದ್ದು ಅನ್ನುವುದಿಲ್ಲ. 'ಏನಾದ್ರೂ ತೊಂದ್ರೆ ಆಗಿತ್ತಾ, ಆಗ ಅವರು ಏನು ಮಾಡಿದ್ರು' ಅಂತ ಕೇಳಿ.

ನಾವೂ ನ್ಯಾಯವಾಗಿರಬೇಕು ಅಲ್ವಾ? ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಕ್ಯೂ ಬಾಗಿದರೆ, ಗೋಡೆಗೆ ಒರಗಿಸಿ ತಿಂಗಳು ಮರೆತರೆ, ಅದಕ್ಕೆ ಮಾಡಿದವರು ಹೊಣೆಯಲ್ಲ. ಟಿಪ್ (ತುದಿಗೆ ಅಂಟಿಸಿದ ಚರ್ಮ) ಚಪ್ಪಟೆಯಾಗುವುದು ಸವೆತ, ದೋಷ ಅಲ್ಲ. ನಿಜವಾದ ತಪ್ಪು ಕಂಡರೆ ಮೊದಲು ಅವರ ಅಂಗಡಿಗೇ ಹೋಗಿ, ಎದುರಿಗೆ ತೋರಿಸಿ, ಸಮಯ ಕೊಡಿ. ವಾಟ್ಸಾಪ್ ಗ್ರೂಪ್‌ನಲ್ಲಿ ಸುಮ್ನೆ ಒಂದು ಫೋಟೋ ಹಾಕಿದರೆ ಎಷ್ಟೋ ವರ್ಷದ ದುಡಿಮೆಯ ಹೆಸರು ಒಂದು ಸಂಜೆಯಲ್ಲಿ ಹೋಗುತ್ತದೆ, ಆಮೇಲೆ ಅವರು ಸರಿ ಮಾಡಿಕೊಟ್ಟದ್ದನ್ನು ಯಾರೂ ಹಂಚುವುದಿಲ್ಲ.

ಕೊನೆಗೆ ಕಾಗದ. ಉದ್ದ, ತೂಕ, ತುದಿಯ ಅಳತೆ, ಯಾವ ಮರ, ಶಾಫ್ಟ್ ಬಾಗಿದರೆ ಎಷ್ಟು ದಿನದವರೆಗೆ ಬದಲಿಸುತ್ತಾರೆ, ಎಷ್ಟು ಅಡ್ವಾನ್ಸ್ ಕೊಟ್ಟಿರಿ, ಎಲ್ಲಾ ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಜಾಯಿಂಟ್‌ನ ಥ್ರೆಡ್ (ತಿರುಪಿನ ಅಳತೆ) ಯಾವುದು ಅನ್ನುವುದನ್ನು ಮರೆಯದೆ ಬರೆಸಿ, 3/8-10 ಇರಲಿ, 5/16-14 ಇರಲಿ, ಬೇರೆ ಏನೇ ಇರಲಿ. ನಾಲ್ಕು ವರ್ಷದ ಮೇಲೆ ಇನ್ನೊಂದು ಶಾಫ್ಟ್ ಬೇಕಾದಾಗ, ಮಾಡಿದವರು ಊರಲ್ಲಿ ಇಲ್ಲದಿದ್ದರೂ, ಬೇರೆಯವರು ಆ ಹಾಳೆ ನೋಡಿ ಮಾಡಿಕೊಡಬಹುದು.