ಮಿಕ್ಸಿ ಸದ್ದಿಗೆ ಬೆಚ್ಚುವ ಮಗು: ಆಟಿಸಂ ಇರುವ ಪುಟಾಣಿಗಳ ಆತಂಕ ತಗ್ಗಿಸುವುದು ಹೇಗೆ?

ಮಿಕ್ಸಿ ಹಾಕಿದೊಡನೆ ಕಿವಿ ಮುಚ್ಚಿಕೊಂಡು ಓಡುವುದು, ದಿನದ ದಾರಿ ಬಿಟ್ಟು ಬೇರೆ ಬೀದಿಗೆ ಆಟೋ ತಿರುಗಿದರೆ ಚೀರುವುದು, ‘ಅಜ್ಜಿ ಮನೆಗೆ?’ ಎಂದು ಕೇಳಿದ್ದನ್ನೇ ಕೇಳುವುದು. ಆಟಿಸಂ (ಮಾತು, ಒಡನಾಟ, ಸದ್ದು-ಸ್ಪರ್ಶದ ಅನುಭವ ಬೇರೆಯಾಗಿರುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ) ಇರುವ ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಆತಂಕ ಹೊರಬೀಳುವುದು ಬಹುಮಟ್ಟಿಗೆ ಹೀಗೆಯೇ. ‘ಭಯ ಆಗ್ತಿದೆ’ ಎಂದು ಹೇಳಲು ಅವರಲ್ಲಿ ಅನೇಕರಿಗೆ ಬಾರದು. ನೋಡಿದವರು ಹಟ ಎನ್ನುತ್ತಾರೆ, ಎರಡು ಏಟು ಹಾಕಿ ಎಂಬ ಸಲಹೆಯೂ ಬರುತ್ತದೆ. ಏಟು ಕೊಟ್ಟರೆ ಭಯಕ್ಕೆ ಇನ್ನೊಂದು ಕಾರಣ ಸೇರುತ್ತದೆ, ಅಷ್ಟೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ: ಗಲಾಟೆಗೂ ಮುಂಚೆ ಏನಾಗುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ಸಮಯವನ್ನೂ ಹಾಕಿ. ಗಲಾಟೆಗಳು ಸಂಜೆ ಹಸಿವಿನ ಹೊತ್ತಿಗೋ, ಟಿವಿ ಆರಿಸಿದಾಗಲೋ, ನೆಂಟರು ಬಂದಾಗಲೋ ಗುಂಪುಗೂಡಿರುವುದು ಕಾಣುತ್ತದೆ. ಇದ್ದಕ್ಕಿದ್ದಂತೆ ಎಲ್ಲವೂ ಹೆಚ್ಚಾಗಿದ್ದರೆ ಮೊದಲು ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದೆಯೇ ಎಂದು ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿ. ನೋವನ್ನು ಹೇಳಿಕೊಳ್ಳಲಾಗದ ಮಗುವಿನಲ್ಲಿ ಅದೂ ಹೀಗೆಯೇ ಹೊರಬರುತ್ತದೆ.

ಚಿತ್ರಪಟ್ಟಿ

ಮುಂದೇನು ಎಂಬುದು ಗೊತ್ತಿಲ್ಲದಿರುವುದೇ ಈ ಮಕ್ಕಳ ಆತಂಕಕ್ಕೆ ದೊಡ್ಡ ಮೇವು. ಮಾತು ಹೇಳಿದೊಡನೆ ಕರಗಿಹೋಗುತ್ತದೆ, ಚಿತ್ರ ಕಣ್ಣೆದುರೇ ಇರುತ್ತದೆ. ನಿಮ್ಮ ಮನೆಯ ಬಚ್ಚಲು, ತಟ್ಟೆ, ಅಂಗನವಾಡಿ ಬಾಗಿಲು, ಹಾಸಿಗೆಯ ಫೋಟೊ ತೆಗೆದು ಮೂರು ಇಂಚು ಚೌಕಕ್ಕೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಹಿಂದೆ ವೆಲ್ಕ್ರೋ ಅಂಟಿಸಿ. ಒಂದು ರಟ್ಟಿನ ಪಟ್ಟಿಯನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಹಾಕಿ, ಕೆಳಗೆ ‘ಮುಗೀತು’ ಡಬ್ಬಿ ಇಡಿ. ಶುರುವಿಗೆ ಎರಡೇ ಚಿತ್ರ ಸಾಕು: ಮೊದಲು ಸ್ನಾನ, ಆಮೇಲೆ ನೀರಾಟದ ಬಕೆಟ್. ಅದು ಪಳಗಿದ ಮೇಲೆ ಮೂರು, ನಾಲ್ಕು. ಕೆಲಸ ಆದೊಡನೆ ಚಿತ್ರವನ್ನು ಮಗುವಿನ ಕೈಯಿಂದಲೇ ಡಬ್ಬಿಗೆ ಹಾಕಿಸಿ. ಫೋಟೊ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೊಡಿ, ಸ್ನಾನಕ್ಕೆ ಚೊಂಬು, ಹೊರಗೆ ಹೋಗಲು ಚಪ್ಪಲಿ.

ಇಂಜೆಕ್ಷನ್, ಕಟಿಂಗ್ ಶಾಪ್ ಇರುವ ದಿನ ಮಾತ್ರ ಪಟ್ಟಿ ಹೊರತೆಗೆದರೆ ಪಟ್ಟಿ ಕಂಡರೇ ಮಗು ಅಳುತ್ತದೆ. ಪಾರ್ಕ್ ಚಿತ್ರ ಹಾಕಿ, ಮಳೆ ಬಂತೆಂದು ಸುಮ್ಮನೆ ಬಿಟ್ಟರೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಅದಕ್ಕೊಂದು ಕೆಂಪು ‘ಬದಲು’ ಕಾರ್ಡ್ ಮಾಡಿಕೊಳ್ಳಿ. ಮೊದಮೊದಲು ಅದನ್ನು ಖುಷಿಯ ಬದಲಾವಣೆಗೇ ಬಳಸಿ: ಉಪ್ಪಿಟ್ಟಿನ ಬದಲು ದೋಸೆ. ಬೇಸರದ ಬದಲಾವಣೆಗೆ ಅದನ್ನು ತೋರಿಸುವ ಹೊತ್ತಿಗೆ ಕಾರ್ಡ್ ಹಳೆಯ ಪರಿಚಯವಾಗಿರಬೇಕು. ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಒಮ್ಮೆ ಉತ್ತರಿಸಿ, ನಂತರ ಚಿತ್ರದ ಕಡೆ ಬೆರಳು ತೋರಿಸಿದರೆ ಸಾಕು.

ಸದ್ದಿಗೆ ಒಗ್ಗಿಸುವುದು

ಕುಕ್ಕರ್‌ಗಿಂತ ಮಿಕ್ಸಿಯಿಂದ ಶುರು ಮಾಡುವುದು ಒಳ್ಳೆಯದು. ವಿಶಲ್ ಯಾವಾಗ ಕೂಗುತ್ತದೋ ನಮಗೇ ಗೊತ್ತಿರದು, ಮಿಕ್ಸಿಯ ಗುಂಡಿ ನಮ್ಮ ಕೈಯಲ್ಲಿರುತ್ತದೆ.

1. ಪ್ಲಗ್ ತೆಗೆದ ಮಿಕ್ಸಿಯನ್ನು ಬ್ಲೇಡಿನ ಜಾರ್ ಇಲ್ಲದೆ ನೆಲದ ಮೇಲಿಡಿ. ಮಗು ಮುಟ್ಟಲಿ, ಗುಂಡಿ ತಿರುಗಿಸಲಿ.

2. ಮಿಕ್ಸಿ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಇಷ್ಟದ ಆಟದ ನಡುವೆ ಅತಿ ಕಡಿಮೆ ವಾಲ್ಯೂಮ್‌ನಲ್ಲಿ ಐದು ಸೆಕೆಂಡ್ ಕೇಳಿಸಿ. ದಿನ ಕಳೆದಂತೆ ಒಂದೊಂದೇ ಗೆರೆ ಏರಿಸಿ.

3. ಮಗು ಒಬ್ಬರ ಜೊತೆ ದೂರದ ಕೋಣೆಯಲ್ಲಿರಲಿ, ಅಡುಗೆಮನೆ ಬಾಗಿಲು ಮುಚ್ಚಿರಲಿ. ಮಿಕ್ಸಿಯ ಚಿತ್ರ ತೋರಿಸಿ, ‘ಮೂರು, ಎರಡು, ಒಂದು’ ಎಣಿಸಿ ಎರಡೇ ಸೆಕೆಂಡ್ ಓಡಿಸಿ ನಿಲ್ಲಿಸಿ.

4. ಬಾಗಿಲು ತೆರೆದು, ನಂತರ ಹತ್ತಿರ ಬಂದು, ಅದೇ ಕ್ರಮ.

5. ಕೊನೆಗೆ, ನೀವು ಜಾರ್ ಹಿಡಿದುಕೊಂಡಿರುವಾಗ ಗುಂಡಿ ತಿರುಗಿಸುವ ಕೆಲಸ ಮಗುವಿನದು.

ಒಂದು ಮೆಟ್ಟಿಲಲ್ಲಿ ಸತತ ಮೂರು ಸಲ ನೆಮ್ಮದಿಯಾಗಿದ್ದರೆ ಮಾತ್ರ ಮುಂದಿನದು. ಮೈ ಬಿಗಿಯಾಯಿತು, ಕೈ ಕಿವಿಗೆ ಹೋಯಿತು ಎಂದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಹಿಡಿದು ಕೂರಿಸಿ ಕೇಳಿಸುವುದು ಬೇಡ. ಹಾಗೆಂದು ಮಗು ಮನೆಯಲ್ಲಿರುವಾಗ ಮಿಕ್ಸಿಯನ್ನೇ ಹಾಕದಿರುವುದೂ ಸರಿಯಲ್ಲ, ತಪ್ಪಿಸಿದಷ್ಟೂ ಭಯ ಬಲಿಯುತ್ತದೆ. ಸದ್ದು ತಡೆಯುವ ಇಯರ್‌ಮಫ್ ದೀಪಾವಳಿ ಪಟಾಕಿಗೆ, ಛತ್ರದ ವಾಲಗಕ್ಕೆ ಇರಲಿ. ದಿನವಿಡೀ ಹಾಕಿದರೆ ಸಾಮಾನ್ಯ ಸದ್ದೂ ಜೋರೆನಿಸತೊಡಗಬಹುದು.

ಆತಂಕ ಉಕ್ಕಿದ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ಒಳಗೆ ಇಳಿಯದು. ‘ಯಾಕೆ? ಏನಾಯ್ತು?’ ಪ್ರಶ್ನೆಗಳನ್ನು ನಿಲ್ಲಿಸಿ. ಲೈಟ್, ಟಿವಿ ಆರಿಸಿ, ಸುತ್ತ ನೆರೆದವರನ್ನು ಕಳಿಸಿ, ಒಬ್ಬರೇ ಪಕ್ಕದಲ್ಲಿ ಕೂತು ‘ಅಮ್ಮ ಇದಾಳೆ’ ಎಂಬಷ್ಟೇ ಮಾತಾಡಿ. ಅಪ್ಪುಗೆ ಕೆಲವು ಮಕ್ಕಳಿಗೆ ಹಿತ, ಕೆಲವರಿಗೆ ಇನ್ನಷ್ಟು ಹಿಂಸೆ; ನಿಮ್ಮ ಮಗುವಿನದು ಯಾವುದೆಂದು ಶಾಂತವಾಗಿರುವಾಗಲೇ ತಿಳಿದುಕೊಳ್ಳಿ. ‘ಉಸಿರು ಎಳ್ಕೊ’ ಎಂದರೆ ಈ ವಯಸ್ಸಿಗೆ ತಿಳಿಯದು. ಸೋಪಿನ ಗುಳ್ಳೆ ಊದಿಸುವುದು, ಕಾಗದದ ಗಿರಗಿಟ್ಟಲೆಯನ್ನು ಊದಿ ತಿರುಗಿಸುವುದು ಅದೇ ಕೆಲಸ ಮಾಡುತ್ತವೆ. ಆದರೆ ಇದನ್ನು ದಿನಕ್ಕೆರಡು ಸಲ ಆಟದಂತೆ ರೂಢಿಸಿರಬೇಕು. ಮಂಚದ ಪಕ್ಕ ಚಾಪೆ, ದಿಂಬು, ಹಳೆ ಸೀರೆಯ ಮರೆ ಇಟ್ಟು ಒಂದು ಮೂಲೆ ಮಾಡಿಕೊಡಿ. ಶಿಕ್ಷೆಯೆಂದು ಒಮ್ಮೆ ಅಲ್ಲಿ ಕೂರಿಸಿದಿರೋ, ಮತ್ತೆ ಮಗು ಅಲ್ಲಿ ನೆಮ್ಮದಿ ಹುಡುಕುವುದಿಲ್ಲ.

ಅಂಗನವಾಡಿಗೋ ನರ್ಸರಿಗೋ ಸೇರಿಸುವಾಗ ಉಳಿದ ಮಕ್ಕಳು ಬರುವ ಹತ್ತು ನಿಮಿಷ ಮುಂಚೆ ಕರೆದೊಯ್ಯಿರಿ, ತುಂಬಿದ ಕೋಣೆಗೆ ಕಾಲಿಡುವುದು ತಪ್ಪುತ್ತದೆ. ಚಿತ್ರಗಳ ಇನ್ನೊಂದು ಸೆಟ್ ಟೀಚರ್ ಬಳಿಯೂ ಇರಲಿ.

ಮಗು ಊಟ, ನಿದ್ದೆ ಬಿಟ್ಟರೆ, ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಮಾಡಿದರೆ ಮನೆಮಟ್ಟದ ಪ್ರಯತ್ನ ಸಾಲದು. ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ) ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತೋರಿಸಬಹುದು. ನೋಟ್‌ಬುಕ್ ಜೊತೆಗೆ ಗಲಾಟೆಯ ಒಂದೆರಡು ನಿಮಿಷದ ಮೊಬೈಲ್ ವಿಡಿಯೊ ಒಯ್ಯಿರಿ, ಡಾಕ್ಟರ ಎದುರು ಮಗು ಅದನ್ನು ಮಾಡದೇ ಇರಬಹುದು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ಮಂಪರು ಬರುತ್ತದೆಂದು ಮನೆಯಲ್ಲಿರುವ ಶೀತದ ಸಿರಪ್ ಕುಡಿಸಿ ಮಲಗಿಸುವುದಂತೂ ಬೇಡವೇ ಬೇಡ.