ಕಾರಿನ ಡಿಜಿಟಲ್ ರೇಡಿಯೊ ನಡುನಡುವೆ ನಿಲ್ಲುತ್ತಿದ್ದುದಕ್ಕೆ ಪರಿಹಾರ

ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಕಾರಿನ ಡಿಆರ್‌ಎಂ (ಮೀಡಿಯಂ ವೇವ್‌ನಲ್ಲೂ ಬರುವ ಡಿಜಿಟಲ್ ಪ್ರಸಾರ) ರೇಡಿಯೊ ಮಾತಿನ ಮಧ್ಯೆಯೇ ಸುಮ್ಮನಾಗುತ್ತಿತ್ತು. ಕುಡತಿನಿಯ ಹೈಟೆನ್ಷನ್ ತಂತಿಗಳ ಕೆಳಗೆ ಹಾಗಾದರೆ ಸಹಜ. ಬಯಲಲ್ಲೂ ಆದರೆ ಕಾರಿನೊಳಗೇ ಹುಡುಕಬೇಕು.

ಡಿಜಿಟಲ್‌ನಲ್ಲಿ ಗೊರಗೊರ ಕೇಳಿಸುವುದಿಲ್ಲ, ಸಿಗ್ನಲ್ ಸಾಲದಿದ್ದರೆ ಧ್ವನಿ ಪೂರ್ತಿ ನಿಲ್ಲುತ್ತದೆ. ಹಾಗಾಗಿ ಪತ್ತೆಗೆ ಅಡಚಣೆಯ ಸದ್ದು ಕಿವಿಗೆ ಕೇಳಿಸುವ ಹಳೆಯ ಎಎಂ ಬೇಕು. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, ಎಂಜಿನ್ ಆಫ್ ಮಾಡಿ, ಒಂದೊಂದೇ ಉಪಕರಣ ಕಿತ್ತು ನೋಡಿದೆ. 12 ವೋಲ್ಟ್ ಸಾಕೆಟ್‌ನ ಮೊಬೈಲ್ ಚಾರ್ಜರ್ ತೆಗೆದೊಡನೆ ಗುಂಯ್ ಸದ್ದು ತಗ್ಗಿತು. ಉಳಿದದ್ದು ಡ್ಯಾಶ್‌ಕ್ಯಾಮ್‌ನದು, ಅದರ ವೈರು ಆಂಟೆನಾ ಕೇಬಲ್‌ಗೆ ಅಂಟಿಕೊಂಡೇ ಹೋಗಿತ್ತು.

ಚಾರ್ಜರ್ ಬದಲಿಸಿದೆ, ಡ್ಯಾಶ್‌ಕ್ಯಾಮ್ ವೈರನ್ನು ಎದುರು ಬದಿಗೆ ಸಾಗಿಸಿದೆ (ಏರ್‌ಬ್ಯಾಗ್ ಇದ್ದರೆ ಅದರ ಹಿಂದಿನಿಂದ, ಮುಂದಿನಿಂದ ಬೇಡವೇ ಬೇಡ). ಡ್ಯಾಶ್‌ಕ್ಯಾಮ್ ಅಡಾಪ್ಟರ್ ಪಕ್ಕದಲ್ಲೇ ಫೆರೈಟ್ ರಿಂಗ್‌ಗೆ (ವೈರಿನಲ್ಲಿ ಹರಿಯುವ ರೇಡಿಯೊ ಅಡಚಣೆ ತಡೆಯುವ ಕಾಂತೀಯ ಬಳೆ) ಆ ವೈರು 6 ಸುತ್ತು. ಒಂದೇ ಸಲ ತೂರಿಸುವ ಕ್ಲಿಪ್ಪು ಮೀಡಿಯಂ ವೇವ್‌ಗೆ ಸಾಲದು. ಸುತ್ತು ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ.

ಸ್ಟೇಷನ್ ಹುಡುಕುವಾಗ ಆತುರ ಬೇಡ. ಡಿಜಿಟಲ್ ಸಿಗ್ನಲ್ ಹಿಡಿಯಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಬಟನ್ ಒತ್ತಿದರೆ ಸಿಗುವ ಸ್ಟೇಷನ್ನೂ ತಪ್ಪುತ್ತದೆ. ಒಂದೇ ತರಂಗಾಂತರದಲ್ಲಿ ಹಲವು ಸೇವೆಗಳಿರಬಹುದು. ಪಟ್ಟಿ ತೆರೆದು, ಗಾಡಿ ನಿಲ್ಲಿಸಿ ಪ್ರಿಸೆಟ್ ಮಾಡಿ.