ಚೌಕಾಬಾರದ ಪ್ರೊಫೈಲ್‌ಗಳು ಕಾಣೆಯಾದದ್ದು, ಸಿಕ್ಕಿದ್ದು: ನನ್ನ ಅನುಭವ

ಬಸವನಗುಡಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ, ಆಡುವವರು ನಾಲ್ವರು. ಆದ್ದರಿಂದ ಆಟಗಳನ್ನು ತಯಾರಿಸುವ ತಂತ್ರಾಂಶವಾದ ಗೊಡೋ 4ರಲ್ಲಿ ಚೌಕಾಬಾರ ಆಟವನ್ನು ಬರೆಯಲು ಕುಳಿತಾಗ, ಪ್ರತಿಯೊಬ್ಬರ ಹೆಸರು, ಗೆಲುವು-ಸೋಲುಗಳ ಲೆಕ್ಕ, ಅವರು ಆರಿಸಿಕೊಂಡ ಮಣೆಯ ಬಣ್ಣ, ಅರ್ಧಕ್ಕೆ ನಿಂತ ಆಟದಲ್ಲಿ ಕಾಯಿಗಳು ಇದ್ದ ಮನೆ, ಇವೆಲ್ಲವೂ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್ ಫೈಲ್‌ನಲ್ಲಿ ಉಳಿಯಬೇಕೆಂದು ಮೊದಲೇ ನಿರ್ಧರಿಸಿದ್ದೆ. ಇಪ್ಪತ್ತೈದು ಮನೆಗಳ ಮಣೆ ಮತ್ತು ನಾಲ್ಕು ಕವಡೆಗಳ ನಿಯಮಗಳನ್ನು ಬರೆಯಲು ಎರಡು ವಾರ ಸಾಕಾಯಿತು. ಉಳಿಸಿದ ಫೈಲ್‌ಗಳನ್ನು ಹುಡುಕಿ ತೆರೆಯುವ ಭಾಗಕ್ಕೆ ಅದರ ಎರಡರಷ್ಟು ಸಮಯ ಹಿಡಿಯಿತು.

ಮೊದಲ ತಪ್ಪು ಬಹುತೇಕ ಹೊಸಬರು ಮಾಡುವುದೇ. ಫೈಲ್‌ಗಳನ್ನು ‘ರೆಸ್://’ ದಾರಿಯಲ್ಲಿ, ಅಂದರೆ ಆಟದ ಚಿತ್ರಗಳೂ ಧ್ವನಿಗಳೂ ಇರುವ ಜಾಗದಲ್ಲಿಯೇ ಬರೆದಿದ್ದೆ. ಆಟವನ್ನು ಬರೆಯುವ ಗೊಡೋ ಎಡಿಟರ್ ಒಳಗೆ ಅದು ನಡೆಯುತ್ತದೆ. ಆಟವನ್ನು ಎಕ್ಸ್‌ಪೋರ್ಟ್ ಮಾಡಿದ, ಅಂದರೆ ಇತರರು ಆಡಬಲ್ಲ ಸ್ವತಂತ್ರ ಪ್ರೋಗ್ರಾಂ ಆಗಿಸಿದ ಮೇಲೆ ಆ ಜಾಗ ಓದಲು ಮಾತ್ರ ಸಿಗುತ್ತದೆ, ಬರೆಯಲು ಸಿಗುವುದಿಲ್ಲ. ಆಟ ತನ್ನ ಫೈಲ್‌ಗಳನ್ನು ಬರೆಯಲೆಂದೇ ಇರುವ ‘ಯೂಸರ್://’ ದಾರಿಗೆ ಬದಲಾಯಿಸಿದೆ.

ಅಸಲಿ ಪೆಟ್ಟು ಬಿದ್ದದ್ದು ಅಲ್ಲಿಯೇ. ‘ಯೂಸರ್://’ ಎಂಬುದು ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್‌ನ ಅಡಗಿದ ‘.ಲೋಕಲ್/ಶೇರ್’ ಒಳಗೆ, ವಿಂಡೋಸ್‌ನಲ್ಲಿ ‘ಆ್ಯಪ್‌ಡೇಟಾ’ ಒಳಗಿನ ‘ರೋಮಿಂಗ್’ನಲ್ಲಿ, ಗೊಡೋದ ಹೆಸರಿನ ಫೋಲ್ಡರ್‌ನಡಿ ಪ್ರಾಜೆಕ್ಟ್‌ನ ಹೆಸರಿನಿಂದಲೇ ಹುಟ್ಟುವ ಫೋಲ್ಡರ್. ಕೆಲಸಕ್ಕೆಂದು ಇಟ್ಟಿದ್ದ ತಾತ್ಕಾಲಿಕ ಹೆಸರನ್ನು ಒಂದು ಸಂಜೆ ‘ಚೌಕಾಬಾರ’ ಎಂದು ತಿದ್ದಿದೆ, ಮರುದಿನ ಬೆಳಿಗ್ಗೆ ಮಲ್ಲೇಶ್ವರದಿಂದ ಸೋದರತ್ತೆಯ ಫೋನ್ ಬಂತು: “ಏನೋ, ನನ್ನ ಗೆಲುವೆಲ್ಲಾ ಅಳಿಸಿಬಿಟ್ಯಲ್ಲೋ?” ಏನೂ ಅಳಿಸಿರಲಿಲ್ಲ, ಆಟ ಹೊಸ ಖಾಲಿ ಫೋಲ್ಡರ್ ನೋಡುತ್ತಿತ್ತು, ಹಳೆಯದು ಪಕ್ಕದಲ್ಲಿಯೇ ಇತ್ತು. ಅಂದೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಸ್ವಂತ ಫೋಲ್ಡರ್ ಹೆಸರನ್ನು ಗೊತ್ತುಮಾಡುವ ಆಯ್ಕೆಯನ್ನು ಆನ್ ಮಾಡಿ, ಆಟ ಶುರುವಾಗುವಾಗ ಹೊಸ ಫೋಲ್ಡರ್ ಖಾಲಿಯಿದ್ದು ಹಳೆಯದರಲ್ಲಿ ಪ್ರೊಫೈಲ್‌ಗಳಿದ್ದರೆ ಅವುಗಳ ಪ್ರತಿಯನ್ನು ತರುವ ಹತ್ತು ಸಾಲುಗಳನ್ನು ಸೇರಿಸಿದೆ. ಹಳೆಯದನ್ನು ಅಳಿಸುವ ಧೈರ್ಯ ಮಾತ್ರ ಮಾಡಲಿಲ್ಲ.

ಎರಡನೆಯ ತೊಡಕು ಕನ್ನಡಕ್ಕೇ ಸಂಬಂಧಿಸಿದ್ದು. ಆಟಗಾರರ ಹೆಸರನ್ನೇ ಫೈಲ್‌ನ ಹೆಸರಾಗಿ ಇಟ್ಟಿದ್ದೆ. ಅತ್ತೆಯ ಹೆಸರಿನಲ್ಲಿ ‘ರೋ’ ಇದೆ. ಅವರ ಮಗ ತನ್ನ ಹಳೆಯ ಮ್ಯಾಕ್‌ನಲ್ಲಿ ಆಡಿದ ಮೇಲೆ ಪ್ರೊಫೈಲ್ ಫೋಲ್ಡರನ್ನು ಜಿಪ್ ಮಾಡಿ ಕಳುಹಿಸಿದ. ನನ್ನ ಲಿನಕ್ಸ್‌ನಲ್ಲಿ ಬಿಚ್ಚಿದಾಗ ಅದೇ ಹೆಸರಿನ ಎರಡು ಫೈಲ್‌ಗಳು ಅಕ್ಕಪಕ್ಕ ಕುಳಿತಿದ್ದವು. ಓಕಾರದ ಗುಣಿತ ಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟ್, ಇನ್ನೊಂದಕ್ಕೆ 9 ಬೈಟ್. ಲಿನಕ್ಸ್ ಬೈಟ್‌ಗಳನ್ನು ನೋಡುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ಇದನ್ನು ಪತ್ತೆಹಚ್ಚಲು ಮೂರು ರಾತ್ರಿ ಹೋಯಿತು, ಅಷ್ಟರಲ್ಲಿ ಗೊಡೋವನ್ನು ಬೈದದ್ದೆಲ್ಲ ವ್ಯರ್ಥವಾಯಿತು.

ಆ ಮೇಲೆ ಫೈಲ್‌ನ ಹೆಸರಿಗೂ ಆಟಗಾರರ ಹೆಸರಿಗೂ ಸಂಬಂಧವಿಲ್ಲದಂತೆ ಮಾಡಿದೆ. ಹೊಸ ಪ್ರೊಫೈಲ್ ಹುಟ್ಟುವಾಗ ಎಂಟು ಅಂಕಿಗಳ ಯಾದೃಚ್ಛಿಕ ಗುರುತು ಫೈಲ್‌ನ ಹೆಸರಾಗುತ್ತದೆ, ಕನ್ನಡದ ಹೆಸರು ಫೈಲ್‌ನೊಳಗೆ, ಜೇಸನ್ ಎಂಬ ಸರಳ ಪಠ್ಯರೂಪದಲ್ಲಿರುತ್ತದೆ. ಯಾವ ಯಾವ ಪ್ರೊಫೈಲ್‌ಗಳಿವೆ ಎಂಬ ಪಟ್ಟಿಯನ್ನು ಬೇರೊಂದು ಫೈಲ್‌ನಲ್ಲಿ ಇಡುವುದನ್ನೂ ಕೈಬಿಟ್ಟೆ. ಆ ಪಟ್ಟಿಗೂ ಫೋಲ್ಡರ್‌ಗೂ ಯಾವಾಗಲೂ ತಾಳೆಯಾಗುತ್ತಿರಲಿಲ್ಲ. ಈಗ ಆಟ ಶುರುವಾದಾಗಲೆಲ್ಲ ಫೋಲ್ಡರನ್ನೇ ಓದಿ, ಜೇಸನ್ ಫೈಲ್‌ಗಳನ್ನು ಮಾತ್ರ ಆರಿಸಿ, ಕೊನೆಯದಾಗಿ ಬದಲಾದದ್ದನ್ನು ಮೇಲೆ ತೋರಿಸುತ್ತೇನೆ.

ತೆರೆಯುವಾಗ ಕಾಡಿದ್ದು ಅಂಕಿಗಳು. ಗೊಡೋ ಜೇಸನ್‌ನಿಂದ ಓದಿದ ಸಂಖ್ಯೆಗಳನ್ನು ದಶಮಾಂಶ ಸಂಖ್ಯೆಗಳನ್ನಾಗಿ ಕೊಡುತ್ತದೆ. ಮಣೆಯ ಬಣ್ಣ 2 ಎಂದು ಉಳಿಸಿದ್ದು 2.0 ಆಗಿ ಮರಳಿತು. ಬೆಲೆಗೆ ತಕ್ಕ ಆಯ್ಕೆ ಮಾಡುವ ‘ಮ್ಯಾಚ್’ ಹೇಳಿಕೆಗೆ ಇವೆರಡೂ ಬೇರೆಬೇರೆಯಾದ್ದರಿಂದ ಯಾವ ದೋಷವನ್ನೂ ತೋರಿಸದೆ ಎಲ್ಲರಿಗೂ ಅದೇ ಕೆಂಪು ಮಣೆ ಬರುತ್ತಿತ್ತು. ಓದಿದ ಪ್ರತಿ ಸಂಖ್ಯೆಯನ್ನೂ ಪೂರ್ಣಾಂಕಕ್ಕೆ ಬದಲಾಯಿಸಿ ಬಳಸುವುದು ಈಗ ರೂಢಿಯಾಗಿದೆ. ಗೊಡೋದ ಸ್ವಂತ ರಿಸೋರ್ಸ್ ಫೈಲ್ ಬಳಸಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಆದರೆ ಅದರೊಳಗೆ ಸ್ಕ್ರಿಪ್ಟ್, ಅಂದರೆ ಓಡಬಲ್ಲ ಕೋಡ್, ಅಡಗಿಸಿ ಕಳುಹಿಸಬಹುದಾದ್ದರಿಂದ, ಬಂಧುಗಳು ಪರಸ್ಪರ ಫೈಲ್ ಹಂಚಿಕೊಳ್ಳುವ ಆಟಕ್ಕೆ ಅದು ಬೇಡವೆನಿಸಿತು.

ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಬರೆಯುತ್ತಿರುವಾಗಲೇ ಹೋದರೆ ಅರ್ಧ ಫೈಲ್ ಉಳಿಯುತ್ತದೆ. ಆದ್ದರಿಂದ ಮೊದಲು ತಾತ್ಕಾಲಿಕ ಫೈಲ್‌ಗೆ ಬರೆದು ಮುಚ್ಚಿ, ಹಿಂದಿನದನ್ನು ಬ್ಯಾಕಪ್ ಎಂದು ಉಳಿಸಿಕೊಂಡು, ನಂತರ ಹೊಸದಕ್ಕೆ ಸರಿಯಾದ ಹೆಸರಿಡುತ್ತೇನೆ. ತೆರೆಯಲು ಬಾರದ ಪ್ರೊಫೈಲ್ ಸಿಕ್ಕರೆ ಬ್ಯಾಕಪ್ ನೋಡಲಾಗುತ್ತದೆ. ಅದೂ ಆಗದಿದ್ದರೆ ಫೈಲನ್ನು ಅಳಿಸದೆ ಪಟ್ಟಿಯಲ್ಲಿ ಬೂದು ಬಣ್ಣದಲ್ಲಿ ತೋರಿಸಲಾಗುತ್ತದೆ.

ಅತ್ತೆಯ ಎರಡು ಪ್ರೊಫೈಲ್‌ಗಳನ್ನು ಒಂದಾಗಿಸುವ ಬಟನ್ ಮಾತ್ರ ಇನ್ನೂ ಬರೆದಿಲ್ಲ, ಏಕೆಂದರೆ ಮ್ಯಾಕ್‌ನಲ್ಲಿ ಮಗ ಅವರ ಹೆಸರಿನಲ್ಲಿ ಆಡಿ ಗೆದ್ದದ್ದು ಯಾರ ಲೆಕ್ಕಕ್ಕೆ ಸೇರಬೇಕೆಂಬುದು ಅವರ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.